ಅಜ್ಜನ ತೋಟದ ದಾರಿ ಯಾವ ನಕ್ಷೆಯಲ್ಲಿದೆ?

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ನಮ್ಮೂರಲ್ಲಿ ಅಜ್ಜನ ಕಾಲದ ಒಂದು ಅಡಿಕೆ ತೋಟವಿದೆ. ಡಾಂಬರು ರಸ್ತೆಯಿಂದ ಗುಡ್ಡ ಹತ್ತಿ ಇಳಿದರೆ ಅದು ಸಿಗುತ್ತದೆ. ಹಿಂದೆ ಅಲ್ಲಿಗೆ ಎತ್ತಿನಗಾಡಿ ಹೋಗುತ್ತಿತ್ತಂತೆ. ಸುತ್ತಿನ ರಸ್ತೆ ಬಂದ ಮೇಲೆ ಗಾಡಿದಾರಿಯನ್ನು ಯಾರೂ ತುಳಿಯಲಿಲ್ಲ, ಕಾಡು ಬೆಳೆಯಿತು. ಆ ದಾರಿಯನ್ನು ಹುಡುಕಲೇಬೇಕು ಅಂತ ಜನವರಿಯ ಒಂದು ಬೆಳಿಗ್ಗೆ ಮೂರು ನಕ್ಷೆ ಹಿಡಿದು ಹೊರಟೆ. ಫೋನಿನ ಮ್ಯಾಪ್, ನೆಲದ ಏರಿಳಿತ ತೋರಿಸುವ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಮತ್ತೆ ಕಂದಾಯದ ಗ್ರಾಮ ನಕ್ಷೆ.

ಫೋನಿನ ಮ್ಯಾಪಿನ ವಿಷಯ ಬೇಗ ಮುಗಿಯುತ್ತದೆ. ತೋಟಕ್ಕೆ 11 ಕಿ.ಮೀ. ಅಂತ ಸುತ್ತಿನ ರಸ್ತೆ ತೋರಿಸಿತು. ಗುಡ್ಡದ ಜಾಗದಲ್ಲಿ ಬರೀ ಹಸಿರು. ಇಂಥ ಮ್ಯಾಪಿಗೆ ಉಪಗ್ರಹದ ಚಿತ್ರ ಮತ್ತು ಓಡಾಡುವವರ ಫೋನಿನಿಂದ ಸಿಗುವ ಜಾಡು ಮುಖ್ಯ ಆಧಾರ. ಮರಗಳು ಕೊಡೆ ಹಿಡಿದ ಕಡೆ ಆಕಾಶದಿಂದ ದಾರಿ ಕಾಣುವುದಿಲ್ಲ, ಅಲ್ಲಿ ಯಾರೂ ಓಡಾಡುವುದೂ ಇಲ್ಲ. ಊರಿಂದ ಊರಿಗೆ ಹೋಗಲು ನಾನು ದಿನವೂ ಅದನ್ನೇ ನೋಡುತ್ತೇನೆ. ಕಾಡಿನೊಳಗೆ ಮಾತ್ರ ಅದನ್ನು ನೆಚ್ಚಿಕೊಳ್ಳಬೇಡಿ.

ಟೋಪೋಶೀಟ್ ಬೇರೆಯದೇ ಲೋಕ. ಸರ್ವೆ ಆಫ್ ಇಂಡಿಯಾ 1767ರಿಂದ ಇರುವ ಸಂಸ್ಥೆ. ಅದರ 1:50,000 ಅಳತೆಯ ಒಂದು ಹಾಳೆ ನಮ್ಮ ಕಡೆ ಸುಮಾರು 27 ಕಿ.ಮೀ. ಉದ್ದಗಲದ ನೆಲವನ್ನು ಹಿಡಿಯುತ್ತದೆ. ಹಾಳೆಯ ಮೇಲೆ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಪಿಡಿಎಫ್ ಇಳಿಸಿಕೊಂಡು ಪ್ರಿಂಟ್ ಹಾಕಿಸುವವರು ಒಂದು ವಿಷಯ ನೆನಪಿಡಿ. ಅಂಗಡಿಯಲ್ಲಿ ಚಿಕ್ಕ ಕಾಗದಕ್ಕೆ ಕುಗ್ಗಿಸಿ ಕೊಟ್ಟರೆ ಈ ಲೆಕ್ಕ ನಡೆಯುವುದಿಲ್ಲ. ಕೆಳಗೆ ಅಚ್ಚಾಗಿರುವ ಅಳತೆಪಟ್ಟಿ ಮಾತ್ರ ನಕ್ಷೆಯ ಜೊತೆಗೇ ಕುಗ್ಗಿರುತ್ತದೆ, ಅದರಿಂದಲೇ ಅಳೆಯಬೇಕು.

ಇದರ ಜೀವ ಇರುವುದು ಕಂದು ಬಣ್ಣದ ಗೆರೆಗಳಲ್ಲಿ. ಶಾಲೆಯಲ್ಲಿ ಸಮೋನ್ನತಿ ರೇಖೆ ಅಂತ ಓದಿದ್ದೆವಲ್ಲ, ಅವೇ. ಒಂದು ಗೆರೆಯಿಂದ ಮುಂದಿನದಕ್ಕೆ 20 ಮೀಟರ್ ಎತ್ತರದ ವ್ಯತ್ಯಾಸ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಸುಲಭದ ನೆಲ. ಎತ್ತರದ ಕಡೆಗೆ ಮೂತಿ ಚಾಚಿದ್ದರೆ ಅಲ್ಲಿ ಹಳ್ಳ, ತಗ್ಗಿನ ಕಡೆಗೆ ಚಾಚಿದ್ದರೆ ಗುಡ್ಡದ ಏಣು. ನಮ್ಮ ಗುಡ್ಡವನ್ನು ನೇರ ಹತ್ತಿದರೆ ಏಳು ಗೆರೆ ದಾಟಬೇಕಿತ್ತು, ಅಂದರೆ ಸುಮಾರು 140 ಮೀಟರ್ ಏರು. ಸ್ವಲ್ಪ ಬಲಕ್ಕೆ, ಎರಡು ನೆತ್ತಿಗಳ ನಡುವೆ ತಗ್ಗಿದ ಒಂದು ಜಾಗವಿತ್ತು. ಅಲ್ಲಿ ನಾಲ್ಕೇ ಗೆರೆ. ಹೊರೆ ಎಳೆಯುವ ಎತ್ತುಗಳನ್ನು ಹೊಡೆದುಕೊಂಡು ಹೋಗುವವರು ಯಾವ ಕಡೆ ಹೋಗುತ್ತಾರೆ ಹೇಳಿ? ಆದರೆ ಈ ಹಾಳೆಯಲ್ಲಿ ಗಾಡಿದಾರಿಯ ಗುರುತು ಅರ್ಧ ಗುಡ್ಡಕ್ಕೇ ನಿಂತಿತ್ತು.

ಆಗ ಗ್ರಾಮ ನಕ್ಷೆ ಬಿಚ್ಚಿದೆ. ಇದರಲ್ಲಿ ಗುಡ್ಡವೇ ಇಲ್ಲ! ಗದ್ದೆ, ಬೆಟ್ಟ, ತೋಟ ಎಲ್ಲ ಒಂದೇ ಸಮತಟ್ಟು. ಇರುವುದು ಸರ್ವೆ ನಂಬರುಗಳ ಗಡಿ, ಹಳ್ಳ, ದಾರಿ. ಏಕೆಂದರೆ ಇದನ್ನು ಮಾಡಿದ್ದು ಕಂದಾಯ ವಸೂಲಿಗೆ. 1862ರಲ್ಲಿ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತು, ಅಲ್ಲಿನ ಸರ್ವೆ ಪದ್ಧತಿಯೇ ಇಲ್ಲಿಗೂ ಬಂತು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ. ನಾವು ಇವತ್ತಿಗೂ ಮಾತಾಡುವ ಗುಂಟೆ ಇದೇ.

ಆ ನಕ್ಷೆಯಲ್ಲಿ ಗಾಡಿದಾರಿ ಚುಕ್ಕೆಗೆರೆಯಾಗಿ ಗುಡ್ಡದ ಆಚೆವರೆಗೂ ಇತ್ತು. ಮಧ್ಯದಲ್ಲಿ ಬಲಕ್ಕೆ ಒಂದು ಬಳುಕು. ಎರಡೂ ಹಾಳೆಗಳನ್ನು ಪಕ್ಕಪಕ್ಕ ಹಿಡಿದು ಹಳ್ಳದ ತಿರುವನ್ನು ಹೊಂದಿಸಿ ನೋಡಿದೆ. ಬಳುಕು ಸರಿಯಾಗಿ ಆ ತಗ್ಗಿದ ಜಾಗಕ್ಕೇ ಬಂದು ಕೂತಿತು! ನಲವತ್ತು ನಿಮಿಷ ನಡೆದ ಮೇಲೆ ದರಕು ಸರಿಸಿದರೆ, ಕೆಂಪು ಚೀರೆಕಲ್ಲಿನಲ್ಲಿ ಎರಡು ಗಾಲಿಗಳ ಗೀರು. ಒಂದೊಂದೂ ಅಂಗೈ ಅಗಲ, ನಾಲ್ಕು ಬೆರಳು ಆಳ. ಅಲ್ಲೇ ಕೂತುಬಿಟ್ಟೆ.

'ನಕಾಶೆ ಕಂಡ ದಾರಿ', ಅಂದರೆ ಗ್ರಾಮ ನಕ್ಷೆಯಲ್ಲಿ ಗುರುತಾದ ದಾರಿ, ಅನ್ನುವ ಮಾತು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ದಾರಿಯ ತಕರಾರು ಬಂದಾಗ ಗ್ರಾಮ ನಕ್ಷೆಯ ಆ ಚುಕ್ಕೆಗೆರೆಗೆ ಇರುವ ತೂಕ ಫೋನಿನ ಮ್ಯಾಪಿಗೂ ಇಲ್ಲ, ಟೋಪೋಶೀಟಿಗೂ ಇಲ್ಲ.

ಹಾಗಂತ ಬೇಲಿಯ ಜಗಳಕ್ಕೆ ಇದನ್ನೇ ಹಿಡಿದು ಕೂರಬೇಡಿ. ಸಾಮಾನ್ಯವಾಗಿ ಸಿಗುವ 1:7,920ರ ಗ್ರಾಮ ನಕ್ಷೆಯಲ್ಲಿ 1 ಮಿ.ಮೀ. ಅಂದರೆ ನೆಲದ ಮೇಲೆ ಸುಮಾರು 8 ಮೀಟರ್. ಅರ್ಧ ಮಿ.ಮೀ. ದಪ್ಪದ ಗೆರೆಯೇ 4 ಮೀಟರ್ ನುಂಗುತ್ತದೆ. ಟೋಪೋಶೀಟಿನಲ್ಲಿ ಅಷ್ಟೇ ದಪ್ಪದ ಗೆರೆ 25 ಮೀಟರ್! ಈಗ ಇದೇ ನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಆ್ಯಪ್‌ಗಳಿವೆ. ನಂಬರ್ ತಿಳಿಯಲು ಬಹಳ ಒಳ್ಳೆಯದು. ಆದರೆ ಎರಡು ಬೆರಳಲ್ಲಿ ಹಿಗ್ಗಿಸಿದ ಮಾತ್ರಕ್ಕೆ ಹಳೆಯ ಗೆರೆಯ ಅಳತೆ ಚೊಕ್ಕವಾಗುವುದಿಲ್ಲ. ಅದರ ಮೇಲೆ ಫೋನಿನ ಜಿಪಿಎಸ್ಸೂ ಕೆಲವು ಮೀಟರ್ ಆಚೀಚೆ ಇರುತ್ತದೆ, ಮರದ ಕೆಳಗೆ ಇನ್ನೂ ಜಾಸ್ತಿ. ಗಡಿ ಬೇಕಾದರೆ ಸರಪಳಿ ಲೆಕ್ಕ ಬರೆದಿಟ್ಟ ಟಿಪ್ಪಣಿ ತೆಗೆಸಿ, ಭೂಮಾಪಕರಿಂದಲೇ ಅಳೆಸಿ.

ಒಂದನ್ನೇ ಆರಿಸು ಅಂದರೆ ನಾನು ಟೋಪೋಶೀಟನ್ನೇ ಆರಿಸುತ್ತೇನೆ. ನನ್ನ ಹಾಳೆ ಹಳೆಯದು, ಹೊಸ ರಸ್ತೆ ಅದರಲ್ಲಿಲ್ಲ. ಆದರೂ ನೆಲದ ಏರಿಳಿತವನ್ನು ಕಾಲು ಇಡುವ ಮೊದಲೇ ಹೇಳಿದ್ದು ಅದೊಂದೇ.

ಆಚೆ ಬದಿಯ ಹಳ್ಳದ ಹತ್ತಿರ ಪಕ್ಕದ ತೋಟದ ಹಿರಿಯರು ಸಿಕ್ಕರು. "ಗುಡ್ಡ ದಾಟಿ ಬಂದ್ಯಾ ತಮ್ಮಾ? ಗಾಡಿ ದಾಟ್ತಿದ್ದದ್ದು ಇಲ್ಲೇ, ಕೋಣನಗುಂಡಿ. ಮಳೆಗಾಲದಲ್ಲಿ ಸಂಕ ಹಾಕ್ತಿದ್ವಿ" ಅಂದರು. ಈ ಹೆಸರು ನನ್ನ ಮೂರೂ ನಕ್ಷೆಗಳಲ್ಲಿರಲಿಲ್ಲ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ, ಕನ್ನಡದ ಹೆಸರಿಗೂ ಅದರಲ್ಲಿ ಜಾಗವಿದೆ. ಫೋನಿನಲ್ಲಿ ನಡೆದ ಜಾಡು ಉಳಿದಿತ್ತು. ರಾತ್ರಿ ಮನೆಗೆ ಬಂದು ಆ ದಾರಿಯನ್ನು ಅದರಲ್ಲಿ ಎಳೆದೆ, ಹಳ್ಳ ದಾಟುವ ಕಡೆ 'ಕೋಣನಗುಂಡಿ' ಅಂತ ಬರೆದೆ.