ಆರು ದಿನದ ತರಬೇತಿ, ನಾಲ್ಕು ವರ್ಷದ ತರಗತಿ

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತ ಪಾಠ ಮಾಡುವವಳು. ನಾಲ್ಕು ವರ್ಷದ ಹಿಂದೆ ಶಿಕ್ಷಕರಿಗೆಂದೇ ನಡೆದ ಒಂದು ಡಿಜಿಟಲ್ ಮತ್ತು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ತರಬೇತಿಗೆ ಸೇರಿದ್ದೆ. ಆರು ದಿನ ಮುಖಾಮುಖಿ ತರಗತಿ, ಆಮೇಲೆ ಮನೆಯಲ್ಲಿ ಕೂತು ನೋಡಬೇಕಾದ ವಿಡಿಯೊ ಪಾಠಗಳು, ಜೊತೆಗೆ ಒಂದು ವರ್ಷದ ಮಟ್ಟಿಗೆ ತಿಂಗಳಿಗೊಮ್ಮೆ ಶಾಲೆಗೇ ಬಂದು ನೋಡುವ ಮರುಭೇಟಿ. ಇಷ್ಟು ಅವರು ಕೊಟ್ಟ ಮಾತು. ಕೊನೆಯ ದಿನ ಸಂಜೆ ಅಭಿಪ್ರಾಯದ ಹಾಳೆ ಕೊಟ್ಟಾಗ ಐದಕ್ಕೆ ಐದು ಅಂಕ ಹಾಕಿ ಬಂದಿದ್ದೆ. ಅವತ್ತಿನ ಹುರುಪಿನಲ್ಲಿ ಯಾರಾದರೂ ಅಷ್ಟೇ ಹಾಕುತ್ತಿದ್ದರು. ಕಲಿತದ್ದರಲ್ಲಿ ತರಗತಿಗೆ ಎಷ್ಟು ಬಂತು, ಬಂದದ್ದರಲ್ಲಿ ಎಷ್ಟು ಉಳಿಯಿತು ಎಂದು ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು.

ಮೊದಲ ದಿನದ ಒಂದು ದೃಶ್ಯ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಪಕ್ಕ ಕೂತಿದ್ದ ಗಣಿತದ ಮೇಡಂ ಇಪ್ಪತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದವರು, ಮೌಸ್ ಹಿಡಿದದ್ದು ಕಡಿಮೆ. ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ಒಂದು ತ್ರಿಭುಜ ಬಿಡಿಸಿ, ಮೂರು ಬಾಹುಗಳಿಗೂ ಲಂಬಾರ್ಧಕ (ಬಾಹುವಿನ ನಟ್ಟನಡುವೆ ಲಂಬವಾಗಿ ಹಾಯುವ ಗೆರೆ) ಎಳೆದು, ಅವು ಸೇರುವ ಪರಿಕೇಂದ್ರವನ್ನು ಗುರುತಿಸಿದರು. ಆಮೇಲೆ ಒಂದು ಶೃಂಗವನ್ನು ಹಿಡಿದು ಮೆಲ್ಲಗೆ ಎಳೆಯುತ್ತಾ ಹೋದರು. ತ್ರಿಭುಜ ಚಪ್ಪಟೆಯಾಗುತ್ತಿದ್ದ ಹಾಗೆ ಪರಿಕೇಂದ್ರ ಸರಿಯುತ್ತಾ ಸರಿಯುತ್ತಾ ಬಾಹುವನ್ನು ದಾಟಿತು. "ಅಯ್ಯೋ, ಹೊರಗೇ ಹೋಯ್ತಲ್ರೀ!" ಎಂದರು. ವಿಶಾಲಕೋನ ತ್ರಿಭುಜದ ಪರಿಕೇಂದ್ರ ಹೊರಗಿರುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವರು ಅವರು. ಅದು ಹೊರಗೆ ಹೋಗುವುದನ್ನು ನೋಡಿದ್ದು ಅವತ್ತೇ ಮೊದಲು. ತರಬೇತುದಾರರು ಉತ್ತರ ಹೇಳಲಿಲ್ಲ, "ಸರಿಯಾಗಿ ಯಾವ ಕ್ಷಣದಲ್ಲಿ ಗೆರೆ ದಾಟುತ್ತೆ, ನೋಡಿ ಮೇಡಂ" ಎಂದಷ್ಟೇ ಹೇಳಿದರು. ಕೋನ ತೊಂಬತ್ತಕ್ಕೆ ಬಂದಾಗ ಬಿಂದು ವಿಕರ್ಣದ, ಅಂದರೆ ಆ ಕೋನದ ಎದುರಿನ ಬಾಹುವಿನ, ನಟ್ಟನಡುವೆ ಕೂತಿತ್ತು. ಅದೊಂದರ ಮೇಲೆಯೇ ನಾವಿಬ್ಬರೂ ಅರ್ಧ ಗಂಟೆ ಕಳೆದೆವು.

2001ರಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಶುರುಮಾಡಿದ ತಂತ್ರಾಂಶ ಜಿಯೋಜೀಬ್ರಾ. ನಾನು ಇಂದಿಗೂ ವಾರಕ್ಕೊಮ್ಮೆಯಾದರೂ ತೆರೆಯುತ್ತೇನೆ. ತರಬೇತಿಯಲ್ಲಿ ತೋರಿಸಿದ ಹನ್ನೆರಡು ಹದಿಮೂರು ಉಪಕರಣಗಳಲ್ಲಿ ಈಗ ಬಳಕೆಯಲ್ಲಿರುವುದು ನಾಲ್ಕೇ ನಾಲ್ಕು. ಉಳಿದವುಗಳ ಹೆಸರೂ ನೆನಪಿಲ್ಲ. ಆರು ದಿನದಲ್ಲಿ ಅಷ್ಟೊಂದನ್ನು ತುರುಕಬಾರದಿತ್ತು.

ಎರಡನೇ ದಿನ ಫೆಟ್. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಉಚಿತ ಸಿಮ್ಯುಲೇಶನ್‌ಗಳ ಸಂಗ್ರಹ. ಅದರಲ್ಲಿ ವಿದ್ಯುತ್ ಮಂಡಲ ಕಟ್ಟುವ ಭಾಗ ನನ್ನ ಪಾಠವನ್ನೇ ಬದಲಿಸಿತು. ಬಲ್ಬು ವಿದ್ಯುತ್ತನ್ನು 'ತಿನ್ನುತ್ತದೆ', ಆದ್ದರಿಂದ ಬಲ್ಬಿನ ಆಚೆ ಪ್ರವಾಹ ಕಡಿಮೆ ಎಂದು ಮಕ್ಕಳು ಗಟ್ಟಿಯಾಗಿ ನಂಬಿರುತ್ತಾರೆ. ಬಾಯಲ್ಲಿ ಎಷ್ಟು ಹೇಳಿದರೂ ಆ ನಂಬಿಕೆ ಅಲುಗುವುದಿಲ್ಲ. ಈಗ ನಾನು ಮೊದಲು ಎಲ್ಲರ ಕೈಲೂ ಊಹೆ ಬರೆಸುತ್ತೇನೆ. ಆಮೇಲೆ ಬಲ್ಬಿನ ಈಚೆಗೊಂದು, ಆಚೆಗೊಂದು ಅಮ್ಮೀಟರ್ (ಪ್ರವಾಹ ಅಳೆಯುವ ಮಾಪಕ) ಜೋಡಿಸುತ್ತೇವೆ. ಎರಡರಲ್ಲೂ ಒಂದೇ ಅಂಕಿ ಬಂದಾಗ ತರಗತಿ ಒಂದು ಗಳಿಗೆ ಮೌನವಾಗುತ್ತದೆ. ಅಲ್ಲಿಗೇ ಬಿಡುವುದೂ ಇಲ್ಲ, ಮರುದಿನ ನಿಜವಾದ ಸೆಲ್ಲು, ವೈರು ಕೈಗೆ ಕೊಡುತ್ತೇನೆ. ಪರದೆಯ ಮೇಲಿನ ವೈರು ಸಡಿಲವಾಗುವುದಿಲ್ಲ, ಅದರ ಸೆಲ್ಲು ಸೋರುವುದಿಲ್ಲ. ಲ್ಯಾಬಿನಲ್ಲಿ ಇವೆಲ್ಲ ಆಗುತ್ತವೆ, ಮಕ್ಕಳಿಗೆ ಅದೂ ಗೊತ್ತಾಗಬೇಕು. ತರಬೇತಿಯಲ್ಲಿ ಈ ಮಾತನ್ನು ಯಾರೂ ಆಡಲಿಲ್ಲ. ಸಿಮ್ಯುಲೇಶನ್ ಇದ್ದರೆ ಪ್ರಯೋಗವೇ ಬೇಡ ಎಂಬ ಧಾಟಿಯೂ ಅಲ್ಲಲ್ಲಿ ಇತ್ತು. ಅದು ತಪ್ಪು ಎಂದು ನನ್ನ ಸ್ಪಷ್ಟ ಅಭಿಪ್ರಾಯ.

ಇಡೀ ಆರು ದಿನದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ವೇಳಾಪಟ್ಟಿಯಲ್ಲಿ ಇಲ್ಲದ ಒಂದು ಪಾಠ. ಮೂರನೇ ದಿನ ಮಧ್ಯಾಹ್ನ ಸ್ಕ್ರ್ಯಾಚ್‌ನಲ್ಲಿ, ಅಂದರೆ ಆದೇಶದ ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ ತಂತ್ರಾಂಶದಲ್ಲಿ, ಸಣ್ಣ ಆಟ ಮಾಡಿಸುತ್ತಿದ್ದರು. ತರಬೇತುದಾರರ ಆಟದಲ್ಲೇ ಅಂಕ ಸೊನ್ನೆ ಬಿಟ್ಟು ಮೇಲೇಳಲಿಲ್ಲ. ಮೂವತ್ತು ಜನ ನೋಡುತ್ತಿದ್ದೇವೆ. ಅವರು ಗಾಬರಿಯಾಗದೆ, ಮುಚ್ಚಿಡಲೂ ಹೋಗದೆ, ಒಂದೊಂದೇ ಬ್ಲಾಕಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾ ಬಂದರು: "ಇಲ್ಲಿ ಏನಾಗಬೇಕು? ಏನಾಗ್ತಿದೆ?" ಅಂಕವನ್ನು ಸೊನ್ನೆ ಮಾಡುವ ಬ್ಲಾಕು ಸದಾ ಸುತ್ತುತ್ತಿರುವ ಲೂಪಿನ ಒಳಗೆ ಸೇರಿಕೊಂಡಿತ್ತು. ಪ್ರತಿ ಸುತ್ತಿನಲ್ಲೂ ಅಂಕ ಅಳಿಸಿಹೋಗುತ್ತಿತ್ತು. ಅದನ್ನು ಕಂಡುಹಿಡಿದದ್ದು ಹಿಂದಿನ ಸಾಲಿನಲ್ಲಿದ್ದ ಸಮಾಜವಿಜ್ಞಾನದ ಮೇಷ್ಟ್ರು.

ಮಕ್ಕಳ ಮುಂದೆ ನನಗೆ ಗೊತ್ತಿಲ್ಲ ಎನ್ನುವುದು ಶಿಕ್ಷಕರಿಗೆ ಬಹಳ ಕಷ್ಟದ ಕೆಲಸ. ಪುಸ್ತಕದ ಪಾಠದಲ್ಲಿ ಹೇಗೋ ಸಾಗುತ್ತದೆ, ಕಂಪ್ಯೂಟರ್ ಮುಂದೆ ಸಾಗುವುದಿಲ್ಲ. ಅಲ್ಲಿ ಪ್ರತಿ ಪಿರಿಯಡ್ಡಿನಲ್ಲೂ ಏನೋ ಒಂದು ಕೈಕೊಡುತ್ತದೆ. ಆ ಭಯದಿಂದಲೇ ಎಷ್ಟೋ ಶಾಲೆಗಳಲ್ಲಿ ಲ್ಯಾಬಿನ ಬಾಗಿಲು ಮುಚ್ಚಿರುತ್ತದೆ. ತಪ್ಪನ್ನು ಎಲ್ಲರೆದುರು ನಿಧಾನವಾಗಿ ಹುಡುಕುವುದು ಹೇಗೆ ಎಂದು ಅವತ್ತು ಕಣ್ಣಾರೆ ಕಂಡೆ.

ಮರುವರ್ಷ ಅದು ಕೈಹಿಡಿಯಿತು. ಒಂಬತ್ತನೇ ತರಗತಿಯಲ್ಲಿ ಮೈಕ್ರೋಬಿಟ್ ಎಂಬ ಕಿರು ಕಂಪ್ಯೂಟರ್ ಬಳಸಿ ಕೋಣೆಯ ಉಷ್ಣತೆ ಅಳೆಯುತ್ತಿದ್ದೆವು. ನಾಲ್ಕು ಸೆಂಟಿಮೀಟರ್‌ಗೆ ಐದು ಸೆಂಟಿಮೀಟರ್ ಇರುವ ಪುಟ್ಟ ಬೋರ್ಡು, ಮುಖದ ಮೇಲೆ 25 ಎಲ್‌ಇಡಿ, ಎರಡು ಗುಂಡಿ. 2016ರಲ್ಲಿ ಬಿಬಿಸಿಯ ಯೋಜನೆಯಡಿ ಬ್ರಿಟನ್ನಿನ ಸುಮಾರು ಹತ್ತು ಲಕ್ಷ ಮಕ್ಕಳಿಗೆ ಹಂಚಿದ್ದು ಇದನ್ನೇ. ನಮ್ಮ ಬೋರ್ಡು 31 ಡಿಗ್ರಿ ತೋರಿಸಿತು, ಗೋಡೆಯ ಥರ್ಮಾಮೀಟರ್ 28. "ಟೀಚರ್, ಯಾವುದು ಸರಿ?" ಎಂದು ಒಬ್ಬ ಹುಡುಗಿ ಕೇಳಿದಳು. ನನಗೂ ಗೊತ್ತಿರಲಿಲ್ಲ, ಹಾಗೇ ಹೇಳಿದೆ. ಬೋರ್ಡನ್ನು ಆರಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಿದರು, ಅಂಕಿ ಕೆಳಗಿಂದ ಶುರುವಾಗಿ ಮೇಲೇರಿತು. ಬಿಸಿಯಾಗುತ್ತಿರುವುದು ಗಾಳಿಯಲ್ಲ, ಬೋರ್ಡೇ ಎಂದು ಅವಳೇ ಹೇಳಿದಳು. ನಿಜವೂ ಅದೇ: ಅದರ ಉಷ್ಣತಾ ಸಂವೇದಕ ಇರುವುದು ಪ್ರೊಸೆಸರ್ ಚಿಪ್ಪಿನ ಒಳಗೆ, ಆದ್ದರಿಂದ ಸುತ್ತಲಿನ ಗಾಳಿಗಿಂತ ತುಸು ಹೆಚ್ಚೇ ತೋರಿಸುತ್ತದೆ. ಉಪಕರಣದ ದೋಷ ಎಂದರೇನು, ಅದನ್ನು ಸರಿದೂಗಿಸುವುದು ಹೇಗೆ ಎಂಬ ಎರಡು ಪಿರಿಯಡ್ಡಿನ ಪಾಠ ಅಲ್ಲೇ ಹುಟ್ಟಿತು. ನಾಲ್ಕು ವರ್ಷದಲ್ಲಿ ನಾನು ಮಾಡಿದ ಅತ್ಯುತ್ತಮ ಪಾಠ ಅದು.

ಇನ್ನು ಅಸಮಾಧಾನಗಳು, ಇವು ಸಣ್ಣವಲ್ಲ.

ಮರುಭೇಟಿ ನಾಲ್ಕು ತಿಂಗಳಿಗೆ ನಿಂತುಹೋಯಿತು. ನಿಲ್ಲಿಸುತ್ತೇವೆ ಎಂದು ತಿಳಿಸಲೂ ಇಲ್ಲ. ಬಂದ ನಾಲ್ಕು ಸಲವೂ ನನಗೆ ಚಿನ್ನದಂಥ ಸಹಾಯ ಸಿಕ್ಕಿತ್ತು: ಅವರು ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿ, ಎಲ್ಲಿ ಮಕ್ಕಳ ಗಮನ ಜಾರಿತು ಎಂದು ನಿಮಿಷ ಸಹಿತ ಹೇಳುತ್ತಿದ್ದರು. ಸೇರುವಾಗ ನನ್ನ ಮನಸ್ಸು ಒಪ್ಪಿದ್ದೇ ಈ ಭಾಗಕ್ಕಾಗಿ. ಬೇಸರ ಇನ್ನೂ ಹೋಗಿಲ್ಲ.

ವಿಡಿಯೊ ಪಾಠಗಳಿಂದ ಪ್ರಯೋಜನವಾಗಲಿಲ್ಲ. ಯಾವ ಮೆನು ಎಲ್ಲಿದೆ ಎಂದು ತೋರಿಸುವುದರಲ್ಲೇ ಮುಗಿಯುತ್ತವೆ, ಒಂದು ವರ್ಷದಲ್ಲಿ ಆ ಮೆನುಗಳೇ ಜಾಗ ಬದಲಿಸಿದವು. ಕೊನೆಯ ರಸಪ್ರಶ್ನೆಗೆ ವಿಡಿಯೊ ನೋಡದೆಯೇ ಉತ್ತರಿಸಬಹುದು. ಪ್ರಮಾಣಪತ್ರ ಬರುತ್ತದೆ, ಅಷ್ಟೇ.

ತರಬೇತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಲ್ಯಾಪ್‌ಟಾಪ್ ಇತ್ತು. ಶಾಲೆಗೆ ಬಂದರೆ ನಲವತ್ತು ಮಕ್ಕಳಿಗೆ ಹತ್ತು ಕಂಪ್ಯೂಟರ್, ಅದರಲ್ಲಿ ಎರಡು ಕೆಟ್ಟವು. ಇದನ್ನು ಹೇಗೆ ನಿಭಾಯಿಸಬೇಕು ಎಂಬುದಕ್ಕೆ ಆರು ದಿನದಲ್ಲಿ ಒಂದು ಗಂಟೆಯನ್ನೂ ಕೊಟ್ಟಿರಲಿಲ್ಲ. ನಾವೇ ದಾರಿ ಕಂಡುಕೊಂಡೆವು: ಅರ್ಧ ತರಗತಿ ಕಂಪ್ಯೂಟರ್ ಮುಂದೆ, ಒಂದರ ಮುಂದೆ ಇಬ್ಬರು ಮೂವರು, ಒಬ್ಬರ ಕೈ ಕೀಬೋರ್ಡಿನ ಮೇಲೆ, ಉಳಿದವರು ಹೇಳಿಕೊಡುವವರು, ಹತ್ತು ನಿಮಿಷಕ್ಕೊಮ್ಮೆ ಅದಲುಬದಲು. ಉಳಿದರ್ಧ ತರಗತಿಗೆ ಕಂಪ್ಯೂಟರೇ ಬೇಡದ ಚಟುವಟಿಕೆ. 1, 2, 4, 8, 16 ಚುಕ್ಕೆಗಳ ಐದು ಕಾರ್ಡು ಹಿಡಿದು ಐವರು ಮಕ್ಕಳು ಸಾಲಾಗಿ ನಿಂತು, ಬೇಕಾದ ಕಾರ್ಡು ತೋರಿಸಿ ಉಳಿದವನ್ನು ಮಗುಚಿದರೆ 0ಯಿಂದ 31ರವರೆಗೆ ಯಾವ ಸಂಖ್ಯೆಯನ್ನಾದರೂ ತೋರಿಸಬಹುದು. 0, 1 ಎರಡೇ ಅಂಕಿಗಳ ದ್ವಿಮಾನ ಪದ್ಧತಿ ಇದಕ್ಕಿಂತ ಚೆನ್ನಾಗಿ ಅರ್ಥವಾದದ್ದನ್ನು ನಾನು ಕಂಡಿಲ್ಲ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು ಬೆಳೆಸಿದ ಈ ಬಗೆಯ ಚಟುವಟಿಕೆಗಳಿಗೆ ತರಬೇತಿಯಲ್ಲಿ ಸಿಕ್ಕಿದ್ದು ಇಪ್ಪತ್ತೇ ನಿಮಿಷ.

ಇನ್ನೊಂದು ವಿಷಯ ಹೇಳಲೇಬೇಕು. ಮಕ್ಕಳ ಹೆಸರು, ಹುಟ್ಟಿದ ದಿನಾಂಕ ಹಾಕಿ ಖಾತೆ ತೆರೆಯಿರಿ ಎಂದು ಸಲೀಸಾಗಿ ಹೇಳಿಬಿಟ್ಟರು. ಪೋಷಕರ ಒಪ್ಪಿಗೆಯ ಮಾತೇ ಬರಲಿಲ್ಲ. ಖಾತೆ ಇಲ್ಲದೆಯೂ ಸ್ಕ್ರ್ಯಾಚ್ ಬಳಸಬಹುದು. ಅದನ್ನೂ ಜಿಯೋಜೀಬ್ರಾವನ್ನೂ ಕಂಪ್ಯೂಟರಿಗೇ ಹಾಕಿಕೊಂಡು ಇಂಟರ್‌ನೆಟ್ ಇಲ್ಲದೆ ನಡೆಸಬಹುದು, ಫೆಟ್ ಸಿಮ್ಯುಲೇಶನ್‌ಗಳನ್ನು ಇಳಿಸಿಟ್ಟುಕೊಳ್ಳಬಹುದು. ಇದನ್ನು ನಾನು ತಿಳಿದುಕೊಂಡದ್ದು ಎರಡು ವರ್ಷ ಕಳೆದ ಮೇಲೆ.

ತರಬೇತಿಯಲ್ಲಿ ಒಂದು ಗಂಟೆ ಟಿಪ್ಯಾಕ್ ಎಂಬ ಚೌಕಟ್ಟನ್ನೂ ವಿವರಿಸಿದ್ದರು. ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಮಂಡಿಸಿದ್ದು: ವಿಷಯದ ಅರಿವು, ಕಲಿಸುವ ಅರಿವು, ತಂತ್ರಜ್ಞಾನದ ಅರಿವು ಮೂರೂ ಒಂದರೊಳಗೊಂದು ಬೆರೆತಾಗಲೇ ಒಳ್ಳೆಯ ಪಾಠ ಆಗುತ್ತದೆ ಎಂಬ ವಿಚಾರ. ಅವತ್ತು ಬರೀ ಸಿದ್ಧಾಂತ ಅನ್ನಿಸಿತ್ತು. ಪಾಠಯೋಜನೆ ಬರೆಯುವಾಗ ಈಗ ಮೊದಲು ನೆನಪಾಗುವುದು ಅದೇ, ಏಕೆಂದರೆ ಪಾಠಕ್ಕೆ ಬೇಡದ ಕಡೆ ಪ್ರೊಜೆಕ್ಟರ್ ಹಚ್ಚುವುದನ್ನು ಅದರಿಂದಲೇ ಬಿಟ್ಟೆ.

ಈಗ ಅಂಕ ಕೇಳಿದರೆ ಐದಕ್ಕೆ ಮೂರು ಕೊಡುತ್ತೇನೆ. ಮರುಭೇಟಿ ಒಂದು ವರ್ಷ ಪೂರ್ತಿ ನಡೆದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಸೇರುವ ಯೋಚನೆ ಇರುವವರು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ: ಮರುಭೇಟಿ ಎಷ್ಟು, ಬರುವವರು ಯಾರು, ನಿಮ್ಮ ತರಗತಿಯಲ್ಲಿ ಕೂತು ಪಾಠ ನೋಡುತ್ತಾರೆಯೇ. ಸಾಧ್ಯವಾದರೆ ಒಂದೇ ಶಾಲೆಯಿಂದ ಇಬ್ಬರು ಹೋಗಿ. ನಾನೂ ಆ ಗಣಿತದ ಮೇಡಂ ಕೂಡ ಒಂದೇ ಶಾಲೆಯವರು. ಮರುಭೇಟಿ ನಿಂತ ಮೇಲೆ ಹದಿನೈದು ದಿನಕ್ಕೊಮ್ಮೆ ಒಬ್ಬರ ಪಾಠಕ್ಕೆ ಇನ್ನೊಬ್ಬರು ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೇವೆ. ಹೋದ ಸಲ ಅವರ ತರಗತಿಯಲ್ಲಿ ಒಬ್ಬ ಹುಡುಗ ಶೃಂಗ ಎಳೆಯುತ್ತಾ "ಹೊರಗೆ ಹೋಯ್ತು ಟೀಚರ್!" ಎಂದು ಕೂಗಿದ. ಮೇಡಂ ಉತ್ತರ ಹೇಳಲಿಲ್ಲ.