ಮ್ಯಾನ್‌ಹಟನ್ ನ್ಯಾಯಾಲಯದ ಜ್ಯೂರಿ ರಕ್ಷಣಾ ವ್ಯವಸ್ಥೆ: ಒಂದು ವಿಮರ್ಶೆ

ಜ್ಯೂರಿಗೆಂದು, ಅಂದರೆ ಮೊಕದ್ದಮೆ ಕೇಳಿ ಆರೋಪಿ ತಪ್ಪಿತಸ್ಥನೇ ಎಂದು ತೀರ್ಮಾನಿಸುವ ಮಂಡಳಿಗೆಂದು, ಕರೆಸಿಕೊಂಡ ನಾಗರಿಕರ ಗುರುತನ್ನು ಕಾಯುವುದೂ ನ್ಯಾಯಾಲಯವು ಒದಗಿಸಲೇಬೇಕಾದ ಸಾರ್ವಜನಿಕ ಸೇವೆಯೆಂದು ಭಾವಿಸಿ, 2024ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಡೊನಾಲ್ಡ್ ಟ್ರಂಪ್ ವಿಚಾರಣೆಯಲ್ಲಿ ಆ ಸೇವೆ ಹೇಗಿತ್ತೆಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ. ನ್ಯಾಯಾಧೀಶ ಹುವಾನ್ ಮರ್ಚನ್ ಅವರು ಜ್ಯೂರಿ ಸದಸ್ಯರ ಹೆಸರುಗಳು ಸಾರ್ವಜನಿಕರಿಗೆ ತಿಳಿಯದಂತೆ, ವಿಳಾಸಗಳು ವಕೀಲರಿಗಷ್ಟೇ ಸಿಗುವಂತೆ ಮೊದಲೇ ಆದೇಶಿಸಿದ್ದರು. ಈ ಮುಂಜಾಗ್ರತೆ ಮೆಚ್ಚತಕ್ಕದ್ದು.

ಲೋಪವಿದ್ದುದು ಆಯ್ಕೆಯ ಹಂತದಲ್ಲಿ. ವಾಸಿಸುವ ಬಡಾವಣೆ ಯಾವುದು, ಈಗಿನ ಮತ್ತು ಹಿಂದಿನ ಉದ್ಯೋಗದಾತರು ಯಾರು, ಸುದ್ದಿಯನ್ನು ಎಲ್ಲಿ ಓದುತ್ತೀರಿ ಎಂಬಂತಹ 42 ಪ್ರಶ್ನೆಗಳಿಗೆ, ಜ್ಯೂರಿಗೆ ಕರೆಸಿಕೊಂಡವರು ಪತ್ರಕರ್ತರು ಕೇಳಿಸಿಕೊಳ್ಳುತ್ತಿರುವಾಗಲೇ ಗಟ್ಟಿಯಾಗಿ ಉತ್ತರಿಸಬೇಕಿತ್ತು. ಇಷ್ಟು ತಿಳಿದ ಮೇಲೆ ಹೆಸರು ಮುಚ್ಚಿಟ್ಟು ಪ್ರಯೋಜನವೇನು? ಆಯ್ಕೆಯಾಗಿದ್ದ ಒಬ್ಬರು, ಸುದ್ದಿಯಲ್ಲಿ ಬಂದ ವಿವರಗಳಿಂದಲೇ ಬಂಧುಮಿತ್ರರು ತಮ್ಮನ್ನು ಗುರುತಿಸಿ ವಿಚಾರಿಸುತ್ತಿದ್ದಾರೆಂದೂ, ಇನ್ನು ನಿಷ್ಪಕ್ಷಪಾತವಾಗಿರುವುದು ಕಷ್ಟವೆಂದೂ ಏಪ್ರಿಲ್ 18ರಂದು ಹೇಳಿದಾಗ ಅವರನ್ನು ಬಿಡುಗಡೆ ಮಾಡಬೇಕಾಯಿತು. ಉದ್ಯೋಗದಾತರ ಹೆಸರನ್ನು ವರದಿ ಮಾಡಬಾರದೆಂಬ ಸೂಚನೆ ಬಂದದ್ದು ಅದಾದ ಬಳಿಕ.

ಹಿಂದಿನ ವರ್ಷವಷ್ಟೇ ಜಾರ್ಜಿಯಾದ ಫುಲ್ಟನ್ ಕೌಂಟಿಯಲ್ಲಿ ಗ್ರ್ಯಾಂಡ್ ಜ್ಯೂರಿ (ದೋಷಾರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಸದಸ್ಯರ ಹೆಸರುಗಳು ದೋಷಾರೋಪ ಪಟ್ಟಿಯಲ್ಲೇ ಅಚ್ಚಾಗಿ, ಅವರದೆನ್ನಲಾದ ವಿಳಾಸಗಳು ಅಂತರ್ಜಾಲದಲ್ಲಿ ಹರಿದಾಡಿದ್ದವು. ಅದಕ್ಕೆ ಹೋಲಿಸಿದರೆ ನ್ಯೂಯಾರ್ಕ್‌ನ ವ್ಯವಸ್ಥೆ ಎಷ್ಟೋ ಮೇಲು. ಹೀಗಿದ್ದರೂ, ಆ ಕಹಿ ಅನುಭವ ಕಣ್ಣೆದುರಿಗಿರುವಾಗ ಉದ್ಯೋಗದ ಪ್ರಶ್ನೆಗಳಿಗೆ ಮೊದಲ ದಿನದಿಂದಲೇ ಲಿಖಿತ ಉತ್ತರ ಪಡೆದು, ಅದನ್ನು ಎರಡೂ ಪಕ್ಷಗಳ ವಕೀಲರಿಗೆ ಮಾತ್ರ ಕೊಡಬೇಕಿತ್ತು. ಆದ್ದರಿಂದ ಐದರಲ್ಲಿ ಮೂರು ಅಂಕ.