ಬನಶಂಕರಿಯ ಬುಟ್ಟಿ ಊಟ: ಬೀಜ ಮಾರುವವನು ಉಂಡು ಬರೆದದ್ದು

ಬಾದಾಮಿಗೆ ಬರುವವರು ಗುಹೆ ನೋಡ್ತಾರೆ, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಫೋಟೋ ತೆಗೆಸ್ಕೊಳ್ತಾರೆ, ಊರೊಳಗೆ ಎಲ್ಲೋ ಒಂದು ದೋಸೆ ತಿಂದು ಗಾಡಿ ಹತ್ತುತ್ತಾರೆ. ಅವರಿಗೆ ನಾನು ಹೇಳೋದು ಇಷ್ಟೇ. ದೋಸೆ ಬಿಡಿ. ಐದು ಕಿಲೋಮೀಟರ್ ಆಚೆ ಚೊಳಚಗುಡ್ಡದ ಹತ್ತಿರ ಬನಶಂಕರಿ ಗುಡಿ ಇದೆ. ಗುಡಿಯ ಸುತ್ತ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ರೊಟ್ಟಿ ಊಟ ಮಾರುತ್ತಾರೆ. ಬಾಗಲಕೋಟೆ ಜಿಲ್ಲೆಯಲ್ಲಿ ದುಡ್ಡು ಕೊಟ್ಟು ಉಣ್ಣಬಹುದಾದ ಊಟಗಳಲ್ಲಿ ನನ್ನ ಲೆಕ್ಕಕ್ಕೆ ಇದೇ ಮೊದಲನೆಯದು. ಕೊರತೆ ಇಲ್ಲವೇ? ಇವೆ. ಅದನ್ನೂ ಬರೆಯುತ್ತೇನೆ.

ನಾನು ಬಾಗಲಕೋಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು. ಹಾಗಾಗಿ ತಟ್ಟೆ ಮುಂದೆ ಬಂದರೆ ರುಚಿಗಿಂತ ಮೊದಲು ಇದು ಯಾವ ಹೊಲದ್ದು, ಯಾವ ತಳಿ ಅನ್ನೋದೇ ತಲೆಗೆ ಬರುತ್ತದೆ. ಹೆಂಡತಿ ಬೈತಾಳೆ, ಬಿಡಿ.

ಇಲ್ಲಿ ಬೋರ್ಡಿಲ್ಲ, ಮೆನು ಇಲ್ಲ, ಬಿಲ್ಲಿಲ್ಲ. ಗಾಡಿಯಿಂದ ಇಳಿಯೋದೇ ತಡ, "ಬರ್ರಿ ಅಣ್ಣಾರ, ಊಟ ಮಾಡ್ರಿ, ಮೊಸರು ಗಟ್ಟಿ ಐತಿ" ಅಂತ ನಾಲ್ಕೈದು ಜನ ಸುತ್ತುವರೀತಾರೆ. ಹೊಸಬರಿಗೆ ಸ್ವಲ್ಪ ಗಾಬರಿ ಆಗಬಹುದು. ಅವಸರ ಮಾಡಬೇಡಿ. ಗಿಡದ ನೆರಳು ನೋಡಿ ಕೂತುಕೊಳ್ಳಿ. ಬುಟ್ಟಿಯ ಬಟ್ಟೆ ಸರಿಸಿ ತೋರಿಸಿ ಅಂತ ಕೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಎರಡು ರೊಟ್ಟಿ, ಒಂದು ಕಾಳು ಪಲ್ಯ, ಒಂದು ಸೊಪ್ಪಿನ ಪಲ್ಯ ಅಥವಾ ಎಣ್ಣೆಗಾಯಿ, ಎರಡು ಥರ ಚಟ್ನಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಮೊಸರು. ನಾನು ಉಂಡಾಗ ನೂರು ರೂಪಾಯಿ ಒಳಗೇ ಮುಗಿದಿದೆ.

ಮೊದಲು ರೊಟ್ಟಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ.

ಒಳ್ಳೆ ಬುಟ್ಟಿಯ ರೊಟ್ಟಿ ಬೆಳ್ಳಗಿರುತ್ತದೆ, ತಣ್ಣಗಾದರೂ ಮಡಚಿದರೆ ಮುರಿಯಲ್ಲ, ಅಗಿದ ಮೇಲೆ ಕೊನೆಗೊಂದು ಸಿಹಿ ಉಳಿಯುತ್ತದೆ. ಅದು ಹಿಂಗಾರಿ ಜೋಳ, ಬಹುತೇಕ ಮಾಲದಂಡಿ. ಈ ತಳಿಯ ಹೆಸರು ಎಂ 35-1. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ, ರೈತರು ಬೆಳೀತಿದ್ದ ನಾಟಿ ಮಾಲದಂಡಿಯಿಂದಲೇ ಆರಿಸಿ ತೆಗೆದದ್ದು. 1930ರ ದಶಕದ ಸರಕು. ಅದರ ನಂತರ ಎಷ್ಟು ಹೊಸ ತಳಿ ಬಂದವು, ನಾನೇ ಎಷ್ಟೋ ಮಾರಿದ್ದೇನೆ. ರೊಟ್ಟಿಗೆ ಮಾತ್ರ ಜನ ಇದನ್ನು ಬಿಟ್ಟಿಲ್ಲ. ಮಳೆಗಾಲದ ಹೈಬ್ರಿಡ್ ಜೋಳ ಇಳುವರಿಯಲ್ಲಿ ಮುಂದು, ಆದರೆ ತೆನೆ ಕಟ್ಟುವ ಹೊತ್ತಿಗೆ ಮಳೆ ಹಿಡಿದರೆ ಕಾಳಿಗೆ ಬೂಸ್ಟು ಬಂದು ಕಪ್ಪಾಗುತ್ತದೆ. ಆ ಹಿಟ್ಟಿನ ರೊಟ್ಟಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಹಿಂಗಾರಿ ಜೋಳ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿ, ಆಮೇಲೆ ಮಳೆ ಬಂದರೂ ಬರದಿದ್ದರೂ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಕುಡಿದಿಟ್ಟ ನೀರಿನಲ್ಲೇ ಬೆಳೆಯುವಂಥದ್ದು. ತೆನೆ ಬಲಿಯುವಾಗ ಒಣ ಹವೆ, ಕಾಳು ಮುತ್ತಿನ ಹಾಗೆ.

ಆ ನೀರು ಮಣ್ಣಿನಲ್ಲಿ ಸುಮ್ನೆ ಉಳಿಯೋದಿಲ್ಲ, ಅಲ್ವಾ? ಮಳೆಗಾಲದಲ್ಲಿ ಹೊಲ ಖಾಲಿ ಇರುವಾಗ ಸಣ್ಣ ಬದು ಹಾಕಿ ಚೌಕು ಮಡಿ ಕಟ್ಟುತ್ತಾರೆ. ಬಿದ್ದ ನೀರು ಹರಿದು ಹಳ್ಳಕ್ಕೆ ಹೋಗದೆ ಆ ಮಡಿಯಲ್ಲೇ ಇಂಗುತ್ತದೆ. ವಿಜಯಪುರದ ಒಣಬೇಸಾಯ ಸಂಶೋಧನಾ ಕೇಂದ್ರದವರು ಬಹಳ ವರ್ಷದಿಂದ ಇದನ್ನೇ ಹೇಳಿಕೊಂಡು ಬಂದಿದ್ದಾರೆ. ಬೀಜಕ್ಕೆ ದುಡ್ಡು ಕೊಡುವ ರೈತ ಮಡಿ ಕಟ್ಟುವ ಆಳಿನ ಪಗಾರಕ್ಕೆ ಹಿಂದೆ ಮುಂದೆ ನೋಡ್ತಾನೆ. ನಂತರ ಬೆಳೆ ಬಾಡಿದರೆ ನಮ್ಮ ಅಂಗಡಿಗೆ ಬಂದು ಬೀಜ ಸರಿ ಇಲ್ಲ ಅಂತಾನೆ. ಇರಲಿ.

ಒಂದು ಬುಟ್ಟಿಯಲ್ಲಿ ರೊಟ್ಟಿ ಕಾಗದದಷ್ಟು ತೆಳು, ಬಿಳಿ ಅಂದರೆ ಬಿಳಿ. ಬಾಯಿಗಿಟ್ಟರೆ ರುಚಿಯೇ ಇಲ್ಲ. ಅಕ್ಕಿ ಹಿಟ್ಟು ಬೆರೆಸಿದ್ದರು. ಕೇಳಿದರೆ ಆ ಅಕ್ಕ ಮುಚ್ಚಿಡಲಿಲ್ಲ. "ಜ್ವಾಳದ ರೇಟ್ ನೋಡೀರೇನ್ರಿ ಅಣ್ಣಾರ? ರೇಷನ್ ಅಕ್ಕಿ ಮನ್ಯಾಗ ಬಿದ್ದಿರತಾವ, ಒಂದ್ ಹಿಡಿ ಹಾಕ್ತೀವಿ" ಅಂದರು. ಪ್ರಾಮಾಣಿಕ ಉತ್ತರ. ರೊಟ್ಟಿಗೆ ಮಾತ್ರ ನಾನು ಅರ್ಧ ಮಾರ್ಕ್ಸೇ ಕೊಡೋದು.

ಕಾಳು ಪಲ್ಯದಲ್ಲಿ ಮಡಿಕೆ ಕಾಳು ಸಿಕ್ಕರೆ ನಿಮ್ಮ ಅದೃಷ್ಟ. ಹೆಸರು ಕಾಳು ಎಲ್ಲರಲ್ಲೂ ಇರುತ್ತದೆ. ಮೊಳಕೆ ಬಂದ ಮಡಿಕೆ ಕಾಳಿಗೆ ಬಳ್ಳೊಳ್ಳಿ, ಕೆಂಪು ಖಾರ ಹಾಕಿ, ನೀರು ಬಹಳ ಸುರಿಯದೆ ಗಟ್ಟಿಯಾಗಿ ಮಾಡಿರ್ತಾರೆ. ಒಂದು ತುತ್ತಿಗೆ ಒಂದು ಚೂರು ಸಾಕು. ಮಡಿಕೆ ಬೆಳೆಯೋದು ಎರಿ ಹೊಲದಲ್ಲಲ್ಲ. ಬಾದಾಮಿಯ ಕೆಂಪು ಮರಳುಗಲ್ಲಿನ ಗುಡ್ಡ ಇಳಿದ ಕೂಡಲೇ ಸಿಗುವ ಮಸಾರಿ ಭೂಮಿ ಅದರದ್ದು. ಮಣ್ಣು ತೆಳು, ನೀರು ನಿಲ್ಲಲ್ಲ. ಅಲ್ಲಿ ಸಜ್ಜೆ, ಶೇಂಗಾ, ಮಡಿಕೆ, ಹುರಳಿ ಇಂಥವೇ ನಡೆಯೋದು. ಮಡಿಕೆ ಬಳ್ಳಿ ನೆಲದ ಮೇಲೆ ಹಬ್ಬಿ ಮಣ್ಣನ್ನು ಮುಚ್ಚುತ್ತದೆ. ಬಿಸಿಲಿಗೆ ತೇವ ಆರೋದು ಕಮ್ಮಿ, ಜೋರು ಮಳೆಗೆ ಮಣ್ಣು ಕೊಚ್ಚಿಹೋಗೋದೂ ಕಮ್ಮಿ. ಬೇರಿನ ಗಂಟಿನಿಂದ ನೆಲಕ್ಕೆ ಸಾರಜನಕ ಬೇರೆ.

ಗುಡ್ಡದ ಬುಡದ ಮಸಾರಿ, ಮಲಪ್ರಭೆ ಕಡೆಯ ಎರಿ. ಈ ಎರಡೂ ಒಂದೇ ಬುಟ್ಟಿಯಲ್ಲಿ ಇರೋದೇ ನನಗೆ ಈ ಊಟದಲ್ಲಿ ದೊಡ್ಡ ಸಂಗತಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ಬಂತು. ದಂಡೆಯ ಹೊಲಗಳು ಮುಳುಗಿದವು, ಮೇಲಿನ ಹೊಲಗಳಿಗೆ ಹೊಳೆ ಮುಟ್ಟಲಿಲ್ಲ. 2023ರಲ್ಲಿ ಉಲ್ಟಾ. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದವು. ಅಂಥ ವರ್ಷ ಮಸಾರಿ ಮೊದಲು ಒಣಗುತ್ತದೆ, ತಡವಾಗಿ ಒಂದೆರಡು ಹದ ಮಳೆ ಬಿದ್ದರೆ ಎರಿ ಒಂದಿಷ್ಟು ಕೈಗೆ ಕೊಡುತ್ತದೆ. ಎರಡು ಥರ ಮಣ್ಣು, ಹತ್ತು ಥರ ಕಾಳು ಇಟ್ಟುಕೊಂಡ ಮನೆ ಪೂರ್ತಿ ಖಾಲಿ ಆಗೋದು ಅಪರೂಪ. ನೀರಾವರಿ ಬಂದು ಬರೀ ಕಬ್ಬು, ಗೋವಿನಜೋಳ ಹಾಕಿದವನ ಕೈಯಲ್ಲಿ ರೊಕ್ಕ ಹೆಚ್ಚು ಓಡಾಡುತ್ತದೆ, ನಿಜ. ಉಣ್ಣುವ ಜೋಳಕ್ಕೆ ಅವನೂ ಪ್ಯಾಟಿಗೇ ಬರಬೇಕು. ನನ್ನ ವ್ಯಾಪಾರ ನಡೆಯೋದು ಜಾಸ್ತಿ ಅಂಥವರಿಂದಲೇ, ಅದನ್ನೂ ಹೇಳಿಬಿಡ್ತೀನಿ. ಮಾಲದಂಡಿ ಬೀಜಕ್ಕೆ ನನ್ನ ಹತ್ತಿರ ಬರುವವರು ಬಹಳ ಇಲ್ಲ. ಅದು ಹೈಬ್ರಿಡ್ ಅಲ್ಲ, ಒಳ್ಳೆ ತೆನೆ ಆರಿಸಿ ಮನೆಯಲ್ಲೇ ಬೀಜ ಇಟ್ಟುಕೊಳ್ಳಬಹುದು.

ಚಟ್ನಿಗೆ ಬರೋಣ. ಶೇಂಗಾ ಚಟ್ನಿ ಚೆನ್ನಾಗಿದೆ, ಆದರೆ ಅದು ಎಲ್ಲಾ ಕಡೆ ಸಿಗುತ್ತದೆ. ಕೆಂಪು ಮೆಣಸಿನಕಾಯಿ ಚಟ್ನಿಗೆ ಕೆಲವರು ಬೆಲ್ಲ ಜಾಸ್ತಿ ಹಾಕ್ತಾರೆ, ನನಗೆ ಸೇರಲ್ಲ. ನೀವು ಕೇಳಬೇಕಾದ್ದು ಗುರೆಳ್ಳು (ಹುಚ್ಚೆಳ್ಳು) ಮತ್ತು ಅಗಸಿ ಬೀಜದ ಚಟ್ನಿ. ಗುರೆಳ್ಳು ಚಟ್ನಿ ಕಪ್ಪಗೆ, ನೋಡೋಕೆ ಅಷ್ಟಕ್ಕಷ್ಟೆ. ಮೊಸರಿನ ಜೊತೆ ಕಲಸಿ ತಿಂದು ನೋಡಿ. ಗುರೆಳ್ಳು ಗಿಡವನ್ನು ದನ ಮೂಸಿ ಬಿಡುತ್ತವೆ, ತಿನ್ನಲ್ಲ. ಅದಕ್ಕೇ ಹಿಂದೆ ಹೊಲದ ಸುತ್ತ ಎರಡು ಸಾಲು ಹಾಕುತ್ತಿದ್ದರು. ಹಿಂಗಾರಿ ಜೋಳಕ್ಕೆ ಕುಸುಬಿಯ ಸಾಲು ಇದೇ ಕೆಲಸ ಮಾಡುತ್ತದೆ, ಅದಕ್ಕೆ ಮುಳ್ಳು. ಬೇಲಿಗೆ ಬೇಲಿ, ಎಣ್ಣೆಗೆ ಎಣ್ಣೆ. ಈಗ ತಂತಿ ಬೇಲಿ ಬಂತು, ಕುಸುಬಿ ಎಣ್ಣೆ ಜಾಗಕ್ಕೆ ಪಾಕೀಟಿನ ಎಣ್ಣೆ ಬಂತು. ಇಲ್ಲಿನ ಎಣ್ಣೆಗಾಯಿಯಲ್ಲೂ ತೇಲುವುದು ಪಾಕೀಟಿನ ಎಣ್ಣೆಯೇ. ಊಟದಲ್ಲಿ ನನಗೆ ಹಿಡಿಸದ ಐಟಂ ಅಂದರೆ ಇದೇ. ಮಸಾಲೆ ಪರವಾಗಿಲ್ಲ, ಬದನೆಕಾಯಿ ಎಳೆಯದ್ದೇ, ಎಣ್ಣೆ ಮಾತ್ರ ಗಂಟಲಲ್ಲಿ ಕೂರುತ್ತದೆ. ಅದರ ಬದಲು ಪುಂಡಿ ಪಲ್ಯ ಇದೆಯೇ ಕೇಳಿ. ಹುಳಿಗೆ ನುಚ್ಚು ಹಾಕಿ ಮಾಡಿದ ಪುಂಡಿ ಪಲ್ಯ ಆ ಬಿಸಿಲಿಗೆ ಸರಿಯಾದ ಜೋಡಿ.

ಮೊಸರು ಸಣ್ಣ ಮಣ್ಣಿನ ಗಡಿಗೆಯಲ್ಲಿ ಬರುತ್ತದೆ. ಮಣ್ಣು ನೀರು ಹೀರಿ ಮೊಸರು ಗಟ್ಟಿ ಆಗಿರುತ್ತದೆ, ಗಡಿಗೆ ಬೋರಲು ಹಾಕಿದರೂ ಬೀಳಲ್ಲ ಅಂತ ತೋರಿಸ್ತಾರೆ. ಎಮ್ಮೆ ಹಾಲಿನದ್ದು. ಇದಕ್ಕೂ ಜೋಳಕ್ಕೂ ನೇರ ಸಂಬಂಧ ಇದೆ. ಮಾಲದಂಡಿಯ ದಂಟು ಉದ್ದ, ಕಣಿಕಿ (ಒಣಗಿದ ದಂಟಿನ ಮೇವು) ಸಿಹಿ, ದನ ಬಿಡದೆ ತಿನ್ನುತ್ತವೆ. ಬಣವೆ ಒಟ್ಟಿದರೆ ಬೇಸಿಗೆ ದಾಟುತ್ತದೆ. ಗಿಡ್ಡ ತಳಿ ಹಾಕಿದರೆ ಕಾಳು ಹೆಚ್ಚು ಬಂದೀತು, ಬಣವೆ ಸಣ್ಣದಾಗುತ್ತದೆ. ಮೇವು ಕೊಂಡು ಎಮ್ಮೆ ಸಾಕುವುದು ಸಣ್ಣ ರೈತರಿಗೆ ಆಗದ ಮಾತು. ಎಮ್ಮೆ ಹೋದರೆ ಮೊಸರೂ ಹೋಯಿತು, ಹೊಲಕ್ಕೆ ಹಾಕುವ ತಿಪ್ಪೆ ಗೊಬ್ಬರವೂ ಹೋಯಿತು. ಅದಕ್ಕೇ ರೈತರು ತಳಿ ಆರಿಸುವಾಗ ಕ್ವಿಂಟಲ್ ಜೊತೆಗೆ ಕಣಿಕಿಯ ಹೊರೆಯನ್ನೂ ಎಣಿಸುತ್ತಾರೆ.

ಇನ್ನು ಕೊರತೆ. ತಿಂದ ತಟ್ಟೆ, ಪ್ಲಾಸ್ಟಿಕ್ ಗ್ಲಾಸು ಸುತ್ತಮುತ್ತ ಬಿದ್ದಿರುತ್ತವೆ. ಕೈ ತೊಳೆಯಲು ನೀರು ಹುಡುಕಬೇಕು. ಮಂಗಗಳ ಕಾಟ ಬಹಳ, ಬಾಳೆಹಣ್ಣು ಕೈಯಲ್ಲಿದ್ದರೆ ಊಟ ಮರೆತುಬಿಡಿ. ಜಾತ್ರೆ ದಿನ, ರಜೆ ದಿನ ರೇಟು ಏರುತ್ತದೆ, ಮೊದಲೇ ಕೇಳಿಕೊಂಡು ಕೂರುವುದು ಒಳ್ಳೆಯದು. ಒಂದು ಸಲ ನನಗೆ ಹಿಂದಿನ ದಿನದ ಕಾಳು ಪಲ್ಯ ಬಡಿಸಿದ್ದರು, ವಾಸನೆಗೇ ಗೊತ್ತಾಯಿತು. ಹೇಳಿದೆ, ಮಾತಿಲ್ಲದೆ ಬೇರೆ ಕೊಟ್ಟರು. ಕಡಕ್ ರೊಟ್ಟಿ ತಿಂಗಳುಗಟ್ಟಲೆ ಇದ್ದರೂ ಕೆಡಲ್ಲ, ಪಲ್ಯ ಹಾಗಲ್ಲವಲ್ಲ.

ಬನಶಂಕರಿಗೆ ಶಾಕಂಬರಿ ಅಂತಲೂ ಹೆಸರು. ಬರ ಬಿದ್ದು ಜನ ಕಂಗೆಟ್ಟಾಗ ತಾಯಿ ಕಾಯಿಪಲ್ಯ ಕೊಟ್ಟು ಬದುಕಿಸಿದಳು ಅನ್ನೋದು ಕಥೆ. ಬನದ ಹುಣ್ಣಿಮೆ ಜಾತ್ರೆಗೆ ಮೊದಲು ಪಲ್ಯದ ಹಬ್ಬ ನಡೆಯುತ್ತದೆ, 108 ಥರದ ಪಲ್ಯ ನೈವೇದ್ಯ. ಈ ಭಾಗದವರಿಗೆ ಬರ ಬರೀ ಕಥೆಯಲ್ಲ. 1876ರಿಂದ 78ರವರೆಗಿನ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆ (ಈಗಿನ ಬಾಗಲಕೋಟೆ, ವಿಜಯಪುರದ ಭಾಗ) ಸತ್ತವರು, ಊರು ಬಿಟ್ಟವರು ಅಂತ ಬಹಳ ಜನರನ್ನು ಕಳೆದುಕೊಂಡಿತು. ನಮ್ಮ ಹಿರಿಯರು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಜೋಳ ತುಂಬಿ ಬಾಯಿ ಮುಚ್ಚಿಡುತ್ತಿದ್ದದ್ದೂ ಇಂಥ ಭಯಕ್ಕೇ. ಒಳಗೆ ಗಾಳಿ ಇಲ್ಲ, ಹುಳ ಬದುಕಲ್ಲ. ತೆಗೆಯುವಾಗ ಬಾಯಿ ತೆರೆದು ಬಹಳ ಹೊತ್ತು ಬಿಟ್ಟೇ ಮನುಷ್ಯ ಇಳಿಯಬೇಕು, ಇಲ್ಲದಿದ್ದರೆ ಉಸಿರು ಕಟ್ಟುತ್ತದೆ. ಈಗ ಹಗೇವಿನ ಮೇಲೆ ಸಿಮೆಂಟ್ ರಸ್ತೆ ಆಗಿದೆ. ರೇಷನ್ ಅಂಗಡಿ ಆ ಜಾಗಕ್ಕೆ ಬಂದಿದೆ, ಹೊಟ್ಟೆ ತುಂಬಿಸಿದೆ, ಅದಕ್ಕೆ ಹೆಸರಿಡಲಾರೆ. ಆದರೆ ನನಗೆ ಊಟ ಬಡಿಸಿದ ಅಜ್ಜಿಯನ್ನು "ಮನ್ಯಾಗೂ ರೊಟ್ಟಿನ ಏನಬೇ?" ಅಂತ ಕೇಳಿದಾಗ ಆಕೆ ನಕ್ಕು, "ರೊಟ್ಟಿ ನಿಮಗ ಮಾರಾಕಪಾ, ನಮಗ ರಾತ್ರಿ ಅನ್ನಾನ" ಅಂದಳು. ಹೆಸರುವಾಸಿ ರೊಟ್ಟಿ ಬಡಿದವಳೇ ಅದನ್ನು ದಿನಾ ಉಣ್ಣದ ಹಾಗೆ ಆಗಿದೆ. ಪಡಿತರದಲ್ಲಿ ಜೋಳ ಕೊಡುವ ಮಾತು ಬಂದಾಗಲೆಲ್ಲ ನನಗೆ ಆಕೆ ನೆನಪಾಗ್ತಾಳೆ. ಇಲ್ಲೇ ಬೆಳೆದದ್ದನ್ನು ಇಲ್ಲೇ ಖರೀದಿ ಮಾಡಿ, ಇಲ್ಲಿನ ಕಾರ್ಡಿಗೇ ಹಂಚಿದರೆ ಮಾಲದಂಡಿ ಹಾಕುವ ರೈತನಿಗೂ ಧೈರ್ಯ ಬರುತ್ತದೆ.

ಹೋಗುವವರಿಗೆ: ಮಧ್ಯಾಹ್ನ ಹನ್ನೆರಡೂವರೆ ಒಳಗೆ ಹೋಗಿ, ಆಮೇಲೆ ಒಳ್ಳೆ ಬುಟ್ಟಿಗಳು ಖಾಲಿ. ಮಂಗಳವಾರ, ಶುಕ್ರವಾರ ಗದ್ದಲ ಹೆಚ್ಚು. ಕುಡಿಯುವ ನೀರು, ಚಿಲ್ಲರೆ ನೀವೇ ಒಯ್ಯಿರಿ. ಚೌಕಾಸಿ ಮಾಡಬೇಡಿ, ಇಷ್ಟು ಕೆಲಸಕ್ಕೆ ಆ ರೇಟು ಕಮ್ಮಿಯೇ. ಜನವರಿಯಲ್ಲಿ ಹೋದರೆ ದಾರಿಯ ಹೊಲಗಳಲ್ಲಿ ಸೀತನಿ (ಎಳೆ ಜೋಳದ ತೆನೆ) ಸುಡುತ್ತಿರುತ್ತಾರೆ, ಗಾಡಿ ನಿಲ್ಲಿಸಿ ಕೇಳಿದರೆ ಇಲ್ಲ ಅನ್ನೋದಿಲ್ಲ. ಮನೆಗೆ ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಸಿಕೊಳ್ಳಿ. ಗುರೆಳ್ಳು ಚಟ್ನಿ ಮೊದಲು ಸ್ವಲ್ಪ ನಾಲಿಗೆ ಮೇಲೆ ಇಟ್ಟು ನೋಡಿ, ಕಮಟು ವಾಸನೆ ಬಂದರೆ ಪಕ್ಕದ ಬುಟ್ಟಿಗೆ ಹೋಗಿ.